ಗೃಹಸ್ಥನ ಸಂಪಾದನೆ

ಮದುವೆಯಾದ ಗಂಡಸು ಅವಿವಾಹಿತನಿಗಿಂತ ಹೆಚ್ಚು ಸಂಪಾದಿಸುತ್ತಾನೆಂಬುದು ಪಾಶ್ಚಾತ್ಯ ದೇಶಗಳ ವೇತನದ ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ನಮ್ಮ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಹೆಗಲಿಗೆ ಭಾರ ಬಿದ್ದರೆ ಹುಡುಗ ದಾರಿಗೆ ಬರುತ್ತಾನೆಂದೇ ಅವರು ಹೆಣ್ಣು ಹುಡುಕುತ್ತಿದ್ದರು. ಆದರೆ ಕಾರಣವನ್ನು ನಿಶ್ಚಯಿಸುವುದು ಅಷ್ಟು ಸುಲಭವಲ್ಲ. ಹೊಣೆ ಬಿದ್ದುದರಿಂದ ದುಡಿಮೆ ಹೆಚ್ಚಿತೋ, ಹೆಚ್ಚು ದುಡಿಯುವವನಿಗೇ ಹೆಣ್ಣು ಕೊಟ್ಟರೋ? 1992ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರು, ಮನೆಗೆಲಸವನ್ನು ಒಬ್ಬರು ವಹಿಸಿಕೊಂಡರೆ ಇನ್ನೊಬ್ಬರ ಶಕ್ತಿ ಹೊರಗಿನ ಉದ್ಯೋಗಕ್ಕೆ ಮೀಸಲಾಗುತ್ತದೆಂದು ವಾದಿಸಿದರು. ಅಡಿಗೆ ಮುಗಿಸಿ, ಬೀಡಿಯ ಮೊರವನ್ನು ಮಡಿಲಿಗೆಳೆದುಕೊಂಡು ಸಂಸಾರ ತೂಗಿಸಿದ ಬಂಟವಾಳ, ಬೆಳ್ತಂಗಡಿಗಳ ಹೆಂಗಸರು ಇದನ್ನು ಕೇಳಿದರೆ ನಕ್ಕಾರು.

ಈ ಸೀಮೆಯಲ್ಲಿ ಇನ್ನೂ ಒಂದು ತೊಡಕುಂಟು: ಗಂಡಸಿನ ಸಂಪಾದನೆ ಯಾರಿಗಾಗಿ? ಬಂಟರು, ಬಿಲ್ಲವರು ಮತ್ತು ಮೂಡಬಿದಿರೆಯ ಚೌಟರಂಥ ಜೈನ ಅರಸುಮನೆತನದವರು ಅನುಸರಿಸಿದ ಅಳಿಯಸಂತಾನ ಕಟ್ಟಿನಲ್ಲಿ ವಂಶವು ಹೆಣ್ಣಿನಿಂದ ನಡೆಯುತ್ತಿತ್ತು. ಗಂಡಸು ತನ್ನ ತಾಯಿಯ ಕುಟುಂಬದವನು. ಅವನ ಮಕ್ಕಳು ಹೆಂಡತಿಯ ಕುಟುಂಬದವರು. ಮದುವೆಯಾಗದ ಯಜಮಾನನಿಗೂ ಅಕ್ಕತಂಗಿಯರ ಮಕ್ಕಳನ್ನು ಸಾಕುವ ಭಾರ ಇದ್ದೇ ಇತ್ತು. ಅಂಥವನನ್ನು ಹೊಣೆಯಿಲ್ಲದ ಬ್ರಹ್ಮಚಾರಿಗಳ ಪಟ್ಟಿಗೆ ಸೇರಿಸಿ, ಹೊಣೆಯನ್ನು ತಂದುದು ಮದುವೆಯೇ ಎಂದರೆ ಒಪ್ಪಲಾದೀತೆ? ಲೆಕ್ಕದ ಕೋಷ್ಟಕವು 'ವಿವಾಹಿತ' ಎಂಬ ಒಂದು ಮಾತನ್ನು ಬಲ್ಲುದು, ಸೋದರಮಾವನನ್ನು ಅರಿಯದು.

ಬೇಸಾಯದ ಮನೆಯಲ್ಲಿ ಈ ಪ್ರಶ್ನೆ ಅಷ್ಟು ತೀಕ್ಷ್ಣವಾಗಿರಲಿಲ್ಲ; ಗದ್ದೆಯೂ ಕುಟುಂಬದ್ದು, ಫಲವೂ ಕುಟುಂಬದ್ದು. ವಕೀಲಿ, ಗುಮಾಸ್ತೆಗಿರಿ, ಮುಂಬಯಿಯ ಹೋಟೆಲು ಇವುಗಳಿಂದ ಸ್ವಾರ್ಜಿತವು ಬೆಳೆದಂತೆ ಇಕ್ಕಟ್ಟೂ ಬೆಳೆಯಿತು. ಬದುಕಿರುವಾಗ ದಾನಪತ್ರ ಬರೆದು ಹೆಂಡತಿ ಮಕ್ಕಳಿಗೆ ಕೊಡಬಹುದಾಗಿತ್ತು. ಏನನ್ನೂ ಬರೆಯದೆ ಕಣ್ಣು ಮುಚ್ಚಿದರೆ, ಹಳೆಯ ಕಟ್ಟಿನಂತೆ ಆ ಸ್ವತ್ತು ಅವನ ಕುಟುಂಬಕ್ಕೆ ಸೇರುತ್ತಿತ್ತು; ಅವನ ಮನೆಯ ಒಲೆ ಉರಿಸಿದವಳು ಮಕ್ಕಳೊಡನೆ ತೌರಿಗೆ ಮರಳಬೇಕು. ತೌರಿನಲ್ಲಿ ಅವಳಿಗೆ ಹಕ್ಕಿತ್ತೆಂಬುದು ನಿಜ, ಅನೇಕ ಸೀಮೆಗಳ ವಿಧವೆಯರಿಗೆ ಅದೂ ಇರಲಿಲ್ಲ. ಆದರೆ ಗಂಡನ ದುಡಿಮೆಯಲ್ಲಿ ಅವಳ ಶ್ರಮದ ಪಾಲೆಷ್ಟೆಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮದುವೆಯು ಗಂಡಸಿನ ಸಂಪಾದನೆಯನ್ನು ಹೆಚ್ಚಿಸುವುದೆಂಬ ಮಾತು ನಿಜವಾದ ಪಕ್ಷದಲ್ಲಿ ಈ ಅನ್ಯಾಯ ಇಮ್ಮಡಿಯಾದುದೆಂದು ನನ್ನ ಅಭಿಪ್ರಾಯ.

1949ರ ಮದರಾಸು ಅಳಿಯಸಂತಾನ ಕಾಯಿದೆಯು ಮದುವೆ, ಉತ್ತರಾಧಿಕಾರ, ಪಾಲುಪಟ್ಟಿಗಳನ್ನು ಶಾಸನಕ್ಕೆ ಒಳಪಡಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ, ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಸ್ವತ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಮೊದಲ ಹಕ್ಕುದಾರರ ಸಾಲಿನಲ್ಲಿ ನಿಂತರು. ಅಕ್ಕತಂಗಿಯರ ಮಕ್ಕಳು ಹಿಂದಿನ ಸಾಲಿಗೆ ಸರಿದರು.