ಹೊಟ್ಟೆಯ ಎಚ್. ಪೈಲೋರಿ ಸೋಂಕು: ಮೂರು ಔಷಧಿಯೋ, ನಾಲ್ಕು ಔಷಧಿಯೋ?



ಹಾಸನದಲ್ಲಿ ನನ್ನದು ದಿನಸಿ ವ್ಯಾಪಾರ. ಬಿಡುವಿದ್ದಾಗ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯಿಂದ ಆಸ್ಪತ್ರೆಗೆ ಬರುವ ನಮ್ಮವರ ಜೊತೆ ಹೋಗಿ ಚೀಟಿ ಮಾಡಿಸುವುದು, ಔಷಧಿ ತಂದುಕೊಡುವುದು ಮಾಡುತ್ತೇನೆ. ನಾನು ವೈದ್ಯನಲ್ಲ, ಓದಿದ್ದು ಪಿಯುಸಿ. ಆದರೆ ಎಂಡೋಸ್ಕೋಪಿ ಮುಗಿಸಿ ಬಂದವರು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ಅಣ್ಣಾವ್ರೇ, ಪಕ್ಕದ ಮನೆಯವರಿಗೆ ದಿನಕ್ಕೆ ಎರಡೇ ಹೊತ್ತು ಮಾತ್ರೆ, ನಮಗೆ ಯಾಕೆ ನಾಲ್ಕು ಹೊತ್ತು?"

ಎರಡೂ ಬಗೆಯ ಚಿಕಿತ್ಸೆಯನ್ನು ನಾನೇ ಪಡೆದಿರುವುದರಿಂದ, ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾವ ರೋಗಾಣು?

ಹೊಟ್ಟೆ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ಹಿಂದೆ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಈ ಸೋಂಕು ಇರುವ ಬಹಳ ಜನರಿಗೆ ಏನೂ ತೊಂದರೆ ಆಗುವುದಿಲ್ಲ. ಕೆಲವರಿಗೆ ಹುಣ್ಣು, ರಕ್ತಸ್ರಾವ ಆಗುತ್ತದೆ. ಅಪರೂಪಕ್ಕೆ ಜಠರದ ಕ್ಯಾನ್ಸರ್ ಕೂಡ.

ಮೂರು ಔಷಧಿಯ ಚಿಕಿತ್ಸೆ

ಆಮ್ಲ ಕಡಿಮೆ ಮಾಡುವ ಮಾತ್ರೆ (ಪ್ಯಾಂಟೊಪ್ರಜೋಲ್ ಇತ್ಯಾದಿ), ಜೊತೆಗೆ ಕ್ಲಾರಿಥ್ರೊಮೈಸಿನ್ ಮತ್ತು ಅಮಾಕ್ಸಿಸಿಲಿನ್. ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು, 14 ದಿನ. ತೆಗೆದುಕೊಳ್ಳುವುದು ಸುಲಭ. ತೊಂದರೆ ಏನೆಂದರೆ ಕ್ಲಾರಿಥ್ರೊಮೈಸಿನ್‌ಗೆ ಜಗ್ಗದ ರೋಗಾಣುಗಳು ಹೆಚ್ಚಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಹೆಚ್ಚಿನ ಆದ್ಯತೆಯ ಪಟ್ಟಿಗೆ ಸೇರಿಸಿತ್ತು. ಪೆನಿಸಿಲಿನ್ ಅಲರ್ಜಿ ಇದ್ದವರು ಅಮಾಕ್ಸಿಸಿಲಿನ್ ತೆಗೆದುಕೊಳ್ಳಬಾರದು.

ನಾಲ್ಕು ಔಷಧಿಯ ಚಿಕಿತ್ಸೆ

ಆಮ್ಲದ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಆಮ್ಲದ ಮಾತ್ರೆ ಎರಡು ಹೊತ್ತು, ಉಳಿದವು ಹೆಚ್ಚಾಗಿ ನಾಲ್ಕು ಹೊತ್ತು, 10ರಿಂದ 14 ದಿನ. ಬಾಯಿ ಕಹಿಯಾಗುತ್ತದೆ, ವಾಕರಿಕೆ ಬರಬಹುದು, ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್‌ಗೂ ಜಗ್ಗದ ರೋಗಾಣು ಹೆಚ್ಚು. ಆದರೂ ಬಿಸ್ಮತ್ ಜೊತೆ ಪೂರ್ಣ ಪ್ರಮಾಣದಲ್ಲಿ, ಪೂರ್ಣ ದಿನ ಕೊಟ್ಟಾಗ ಆ ಅಡ್ಡಿಯನ್ನು ಬಹುಮಟ್ಟಿಗೆ ದಾಟಬಹುದು. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2024ರಲ್ಲಿ ಮೊದಲ ಆಯ್ಕೆಯಾಗಿ ಇದನ್ನೇ 14 ದಿನ ಸೂಚಿಸಿದೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ.

ನಾನು ಮಾಡಿದ ತಪ್ಪು

ಮೊದಲ ಸಲ ನನಗೆ ಕೊಟ್ಟದ್ದು ಮೂರು ಔಷಧಿ. ಆರನೇ ದಿನಕ್ಕೆ ನೋವು ಹೋಯಿತು. ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಸೂರ್ಯಾಸ್ತದ ನಂತರ ಏನೂ ಬೇಡವೆಂದು ರಾತ್ರಿಯ ಮಾತ್ರೆ ಬಿಟ್ಟೆ. ಎರಡು ದಿನ ಕಳೆದು ಎಲ್ಲವನ್ನೂ ಬಿಟ್ಟೆ. ವೈದ್ಯರಿಗೆ ಹೇಳಲಿಲ್ಲ. ಕೆಲವು ತಿಂಗಳಲ್ಲಿ ನೋವು ಮರಳಿತು, ಪರೀಕ್ಷೆಯಲ್ಲಿ ಸೋಂಕು ಹಾಗೇ ಇತ್ತು. "ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಗಟ್ಟಿಯಾಗುತ್ತದೆ ಯಜಮಾನ್ರೇ, ಅದೇ ಔಷಧಿ ಮತ್ತೆ ಕೊಡಲು ಬರುವುದಿಲ್ಲ" ಎಂದರು ವೈದ್ಯರು. ಎರಡು ಹೊತ್ತಿನದನ್ನು ಬಿಟ್ಟವನು ನಾಲ್ಕು ಹೊತ್ತು ನುಂಗಬೇಕಾಯಿತು.

ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು

1. ರಾತ್ರಿ ಭೋಜನ ತ್ಯಾಗ, ಏಕಾಶನ, ಉಪವಾಸ ಇದ್ದರೆ ಚೀಟಿ ಬರೆಯುವ ಮೊದಲೇ ವೈದ್ಯರಿಗೆ ತಿಳಿಸಿ. ಹೊತ್ತುಗಳನ್ನು ಹೇಗೆ ಹೊಂದಿಸಬಹುದೆಂದು ಅವರು ಹೇಳುತ್ತಾರೆ. ತುರ್ತು ಇಲ್ಲದಿದ್ದರೆ ಪರ್ವ ಮುಗಿದ ಮೇಲೆ ಶುರು ಮಾಡಬಹುದೇ ಎಂದೂ ಕೇಳಿ. ವ್ರತದಲ್ಲಿ ಔಷಧಿಗೆ ಅವಕಾಶವಿದೆಯೇ ಎಂದು ನಿಮ್ಮ ಗುರುಗಳನ್ನು ಕೇಳಿ. ನೀವೇ ತೀರ್ಮಾನಿಸಿ ಮಾತ್ರೆ ಬಿಡಬೇಡಿ.

2. ಕ್ಯಾಪ್ಸೂಲಿನ ಹೊದಿಕೆಗೆ ಬಳಸುವ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಅದು ಬೇಡವಾದರೆ ಮಾತ್ರೆಯ ರೂಪದಲ್ಲಿ ಇದೆಯೇ ಎಂದು ಮೊದಲೇ ಕೇಳಿ. ಅಮಾಕ್ಸಿಸಿಲಿನ್ ನೀರಿನಲ್ಲಿ ಕರಗುವ ಮಾತ್ರೆಯಾಗಿಯೂ ಸಿಗುತ್ತದೆ.

3. ಟೆಟ್ರಾಸೈಕ್ಲಿನ್ ಅನ್ನು ಹಾಲು, ಮೊಸರು, ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ಜೊತೆ ತೆಗೆದುಕೊಳ್ಳಬಾರದು. ಔಷಧಿ ಮೈಗೆ ಹತ್ತುವುದಿಲ್ಲ. ನೀರಿನಲ್ಲೇ ನುಂಗಿ.

4. ಸಣ್ಣ ಊರುಗಳಲ್ಲಿ ಎಲ್ಲ ಔಷಧಿಯೂ ಒಂದೇ ಅಂಗಡಿಯಲ್ಲಿ ಸಿಗದಿರಬಹುದು. ಪೂರ್ತಿ ದಿನಗಳಿಗೆ ಬೇಕಾದಷ್ಟು ಕೈಗೆ ಬಂದ ಮೇಲೆಯೇ ಆರಂಭಿಸಿ. ಒಬ್ಬರ ಚೀಟಿ ತೋರಿಸಿ ಇನ್ನೊಬ್ಬರಿಗೆ ಔಷಧಿ ತರಬೇಡಿ.

5. ನೋವು ಹೋದರೆ ಸೋಂಕು ಹೋಯಿತೆಂದು ಅರ್ಥವಲ್ಲ. ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರವಾಗಿ, ವೈದ್ಯರನ್ನು ಕೇಳಿ ಆಮ್ಲದ ಮಾತ್ರೆ ನಿಲ್ಲಿಸಿ 2 ವಾರವಾದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ.

6. ರಕ್ತವಾಂತಿ ಆದರೆ, ತಲೆಸುತ್ತಿನ ಜೊತೆ ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೂರೋ ನಾಲ್ಕೋ ಎಂಬುದನ್ನು ವೈದ್ಯರು ನಿರ್ಧರಿಸಲಿ. ಅವರು ಬರೆದದ್ದನ್ನು ಕೊನೆಯ ಮಾತ್ರೆಯವರೆಗೆ ಮುಗಿಸುವುದು ನಮ್ಮ ಕೆಲಸ. ಎರಡನೇ ಸಲ 14 ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮುಗಿಸಿದೆ. ಆಮೇಲಿನ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ.