ಧೂಳು ಹೀರುವ ಯಂತ್ರಕ್ಕೆ ಒಡೆಯರಾರು?

ಹತ್ತು ಮಂದಿ ಬಳಸುವ ವಸ್ತುವಿಗೆ ಒಡೆಯನೊಬ್ಬನೂ ಇರುವುದಿಲ್ಲವೆಂಬುದು ಲೋಕಾನುಭವ. ಹೋಟೆಲಿನ ಅಡಿಗೆಮನೆಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಿಟ್ಟು ರುಬ್ಬಿದವನು ಗ್ರೈಂಡರನ್ನು ತೊಳೆಯದೆ ಹೋದರೆ ಬೈಗುಳ ಬೀಳುವುದು ಮುಂದಿನ ಪಾಳಿಯವನಿಗೆ. ಪಾಲುಗಾರಿಕೆಯ ಕಾರ್ಯಾಗಾರದಲ್ಲಿರುವ ವ್ಯಾಕ್ಯೂಮ್ ಕ್ಲೀನರಿಗೂ ಇದೇ ಮಾತು ಸಲ್ಲುತ್ತದೆ. ಆದರೆ ಅಲ್ಲಿ ಮುಂದಿನವನಿಗೆ ತಗಲುವುದು ಬರಿಯ ಬೈಗುಳವಲ್ಲ, ಶ್ವಾಸಕೋಶದ ರೋಗ.

ಮುಂಬಯಿಯಂಥ ನಗರಗಳಲ್ಲಿ ಜಾಗದ ಬಾಡಿಗೆಯನ್ನು ಒಬ್ಬನೇ ಹೊರುವುದು ಸುಲಭವಲ್ಲ. ನಾಲ್ಕಾರು ಮಂದಿ ಕೂಡಿ ಒಂದು ಗಾಲಾ ಹಿಡಿದು, ಗರಗಸ, ರಂಧ್ರ ಕೊರೆಯುವ ಯಂತ್ರ, ಸಾಣೆಯ ಯಂತ್ರ ಮುಂತಾದುವನ್ನು ಹಂಚಿಕೊಂಡು ದುಡಿಯುವುದುಂಟು. ಹೋಟೆಲಿನ ಮೇಜು ಕುರ್ಚಿಗಳೂ ಆಫೀಸಿನ ಕಪಾಟುಗಳೂ ಇಂತಹ ಕಡೆಗಳಲ್ಲಿ ದುರಸ್ತಿಯಾಗುತ್ತವೆ. ಅಲ್ಲಿ ಪೊರಕೆ ಹಿಡಿದರೆ ದಪ್ಪ ಹುಡಿ ಮೂಲೆ ಸೇರುತ್ತದೆ. ನಯವಾದ ಧೂಳು ಗಾಳಿಗೇರಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಕಣ್ಣಿಗೆ ಕಾಣದ ಈ ಧೂಳೇ ಹೆಚ್ಚು ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಗ್ರಾನೈಟ್ ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಸಿಲಿಕೋಸಿಸ್ ಎಂಬ ವಾಸಿಯಾಗದ ವ್ಯಾಧಿಯನ್ನು ತರುತ್ತದೆ.

ಈ ಯಂತ್ರದ ಚರಿತ್ರೆಯೂ ಬೋಧಪ್ರದವಾದುದು. 1901ರಲ್ಲಿ ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತನು ಧೂಳನ್ನು ಊದುವ ಬದಲು ಹೀರುವ ಯಂತ್ರವನ್ನು ರಚಿಸಿದನು. ಅದನ್ನು ಕುದುರೆ ಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗೆ ಹಾಯಿಸಬೇಕಾಗಿತ್ತು. ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದವರಲ್ಲಿ ಪ್ರಮುಖನು ಅಮೇರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಆತನು ಅಂಗಡಿಯೊಂದರಲ್ಲಿ ಕಸ ಗುಡಿಸುವ ನೌಕರ, ಉಬ್ಬಸದ ರೋಗಿ. ಗುಡಿಸುವಾಗ ಏಳುವ ಧೂಳನ್ನು ತಾಳಲಾರದೆ ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಗವಸು ಇವುಗಳನ್ನು ಜೋಡಿಸಿ ಯಂತ್ರವೊಂದನ್ನು ಕಟ್ಟಿ, 1908ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಕೂಲಿಕಾರನೊಬ್ಬನು ತನ್ನ ಉಸಿರನ್ನು ಉಳಿಸಿಕೊಳ್ಳಲು ಮಾಡಿದ ಯಂತ್ರವಿದೆಂಬುದನ್ನು ಬಳಸುವವರು ಮರೆಯಬಾರದು.

ಯಂತ್ರದ ಪ್ರಾಣವಿರುವುದು ಅದರ ಫಿಲ್ಟರಿನಲ್ಲಿ. ಫಿಲ್ಟರಿಲ್ಲದೆಯೋ ಹರಿದ ಫಿಲ್ಟರಿನಿಂದಲೋ ನಡೆಸಿದರೆ ಯಂತ್ರವು ಮುಂದಿನಿಂದ ಹೀರಿದ ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ; ಮೋಟಾರೂ ಕೆಡುತ್ತದೆ. ಹೀರುವ ಶಕ್ತಿ ಕುಂದಿತೆಂದು ಮೆಕ್ಯಾನಿಕನ ಬಳಿಗೆ ಓಡುವ ಮುನ್ನ ಮೂರನ್ನು ನೋಡಬೇಕು: ಚೀಲ ತುಂಬಿದೆಯೇ, ಫಿಲ್ಟರ್ ಕಟ್ಟಿದೆಯೇ, ಕೊಳವೆಯಲ್ಲಿ ಏನಾದರೂ ಸಿಕ್ಕಿದೆಯೇ. ಬಹುಪಾಲು ದೋಷ ಈ ಮೂರರಲ್ಲೇ ಇರುತ್ತದೆ. ಮೋಟಾರಿನ ಧ್ವನಿ ಒಮ್ಮೆಲೇ ಕೀರಲಾದರೆ ಗಾಳಿಯ ದಾರಿ ಮುಚ್ಚಿದೆಯೆಂದು ತಿಳಿದು ಕೂಡಲೇ ನಿಲ್ಲಿಸಬೇಕು. ಅನೇಕ ಸಣ್ಣ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಣಿಸುವುದರಿಂದ, ಹಾಗೆಯೇ ನಡೆಸಿದರೆ ಅದು ಸುಟ್ಟು ಹೋದೀತು.

ಚೀಲವು ಮುಕ್ಕಾಲು ತುಂಬುವ ಮೊದಲೇ ಅದನ್ನು ಬದಲಿಸುವುದು ಲೇಸು. ಫಿಲ್ಟರನ್ನು ಹೊರಗೆ ಒಯ್ದು, ಮೂಗಿಗೆ ಮುಸುಕು ಕಟ್ಟಿಕೊಂಡು, ಮೆಲ್ಲನೆ ತಟ್ಟಿ ಶುದ್ಧಗೊಳಿಸಬೇಕು. ತೊಳೆಯಲು ತಕ್ಕ ಫಿಲ್ಟರಾದರೆ ತೊಳೆದು ಒಂದು ಪೂರ್ಣ ದಿನ ಒಣಗಿಸಬೇಕು. ಒದ್ದೆ ಫಿಲ್ಟರಿನ ಮೇಲೆ ಧೂಳು ಕೆಸರಾಗಿ ಅಂಟುತ್ತದೆ. ನೀರನ್ನು ಹೀರುವಂತೆ ನಿರ್ಮಿಸಿದ ಯಂತ್ರದ ಹೊರತು ಬೇರಾವುದರಿಂದಲೂ ನೀರನ್ನು ಎಳೆಯಬಾರದು. ತಂತಿಯ ಹೊದಿಕೆ ಸೀಳಿದ್ದರೆ ಯಂತ್ರವನ್ನು ಮುಟ್ಟಲಾಗದು. ಪ್ಲಗ್ಗನ್ನು ಕಿತ್ತ ಮೇಲಲ್ಲದೆ ಮುಚ್ಚಳವನ್ನು ತೆರೆಯಬಾರದು.

ಎಲ್ಲಕ್ಕಿಂತ ದೊಡ್ಡ ಭಯವು ಬೆಂಕಿಯದು. ಒಬ್ಬನು ಕಬ್ಬಿಣವನ್ನು ಸಾಣೆ ಹಿಡಿದ ಕಿಡಿಗಳನ್ನು ಹೀರಿಸುತ್ತಾನೆ. ಅದೇ ಚೀಲದಲ್ಲಿ ಇನ್ನೊಬ್ಬನ ಮರದ ಹುಡಿಯಿರುತ್ತದೆ. ಒಳಗೆ ಗಾಳಿ ಬೀಸುತ್ತಿರುವುದರಿಂದ ಕುಲುಮೆಗೆ ತಿದಿಯೊತ್ತಿದಂತಾಗುತ್ತದೆ. ಆದುದರಿಂದ ಕಬ್ಬಿಣಕ್ಕೊಂದು, ಮರಕ್ಕೊಂದು ಯಂತ್ರವಿರುವುದು ಉತ್ತಮ. ಅಷ್ಟು ಹಣವಿಲ್ಲದಿದ್ದರೆ ಕಿಡಿಯ ಕೆಲಸಕ್ಕೆ ಅದನ್ನು ಬಳಸಲೇಬಾರದು. ಥಿನ್ನರ್, ಪೆಟ್ರೋಲ್, ಬೀಡಿಯ ತುಂಡು ಇವುಗಳಿಗೂ ಅದೇ ನಿಷೇಧ. ವಾರ್ನಿಷ್ ಕೆರೆದ ಹುಡಿಯು ಚೀಲದಲ್ಲಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅದನ್ನು ರಾತ್ರಿ ಒಳಗೆ ಬಿಡದೆ, ಮುಚ್ಚಳವುಳ್ಳ ಲೋಹದ ಡಬ್ಬಿಯಲ್ಲಿ ಹೊರಗಿಡಬೇಕು.

ಈ ನಿಯಮಗಳಾವುವೂ ಕಷ್ಟವಲ್ಲ. ಕಷ್ಟವಿರುವುದು ಹತ್ತು ಮಂದಿ ಪಾಲಿಸುವಂತೆ ಮಾಡುವುದರಲ್ಲಿ. ಹತ್ತು ಜನ ಸೇರಿದಲ್ಲಿ ಹಾವು ಸಾಯದೆಂಬ ಗಾದೆಯುಂಟು. ಇದಕ್ಕೆ ನಮಗೆ ತೋರುವ ಉಪಾಯ ಸರಳವಾದುದು. ಯಂತ್ರದ ಪಕ್ಕದಲ್ಲಿ ಒಂದು ನೋಟುಬುಕ್ಕನ್ನು ತೂಗುಹಾಕಿ, ಬಳಸಿದವನು ತನ್ನ ಹೆಸರು, ತಾರೀಕು, ಹೀರಿಸಿದ ಪದಾರ್ಥ, ಚೀಲವನ್ನು ಬರಿದು ಮಾಡಿದ ಸಂಗತಿ ಇವುಗಳನ್ನು ಬರೆಯಲಿ. ವಾರಕ್ಕೊಬ್ಬರಂತೆ ಸರದಿಯಲ್ಲಿ ಅದನ್ನು ನೋಡಿಕೊಳ್ಳುವ ಹೊಣೆ ಹೊರಲಿ. ಹೊಸ ಫಿಲ್ಟರಿಗಾಗಿ ತಿಂಗಳಿಗಿಷ್ಟೆಂದು ಎಲ್ಲರೂ ಡಬ್ಬಿಗೆ ಹಾಕಲಿ. ಲೆಕ್ಕ ಬರೆಯಬಲ್ಲ ಗುಮಾಸ್ತ ಬಂಧುಗಳು ಪರಿಚಯದ ಕುಶಲಕರ್ಮಿಗಳಿಗೆ ಈ ಪುಸ್ತಕವನ್ನು ಗೆರೆ ಹಾಕಿ ಕೊಟ್ಟರೂ ಅದು ದೊಡ್ಡ ಉಪಕಾರವೇ.

ಒಡೆಯನಿಲ್ಲದ ಯಂತ್ರಕ್ಕೆ, ಅದನ್ನು ಕೊನೆಯಲ್ಲಿ ಮುಟ್ಟಿದವನೇ ಆ ದಿನದ ಒಡೆಯನೆಂದು ಎಲ್ಲರೂ ಒಪ್ಪಲಿ. ಮರುದಿನ ಬರುವವನು ಹೆಸರು ತಿಳಿಯದ ಜೊತೆಗಾರನಾದರೂ ಉಸಿರಾಡುವುದು ಅದೇ ಕೋಣೆಯ ಗಾಳಿಯನ್ನಷ್ಟೆ.