ಸೇನೆ ಕಡಿದ ದಾರಿ, ಸವಾರರು ಹಿಡಿದ ಹಾದಿ

ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖ್‌ನ ಲೇಹ್ ಪಟ್ಟಣಕ್ಕೆ ಸಾಗುವ ಸುಮಾರು 430 ಕಿ.ಮೀ. ಉದ್ದದ ಹೆದ್ದಾರಿಯನ್ನು ಬದುಕಿನಲ್ಲಿ ಒಮ್ಮೆಯಾದರೂ ಕ್ರಮಿಸಬೇಕೆಂಬ ಹಂಬಲ ಇಂದು ದೇಶದ ಅಸಂಖ್ಯ ಮೋಟಾರ್‌ಸೈಕಲ್ ಸವಾರರಲ್ಲಿದೆ. ಚಳಿಗಾಲದ ತಿಂಗಳುಗಳಲ್ಲಿ ಹಿಮದಡಿ ಮುಚ್ಚಿಹೋಗುವ, ಐದು ಸಾವಿರ ಮೀಟರಿಗಿಂತ ಎತ್ತರದ ಎರಡು ಪಾಸ್‌ಗಳನ್ನು, ಅಂದರೆ ಪರ್ವತಶ್ರೇಣಿಯನ್ನು ದಾಟಿಸುವ ಕಣಿವೆದಾರಿಗಳನ್ನು, ಒಳಗೊಂಡ ಈ ರಸ್ತೆಯು ಸಾಹಸಯಾನಕ್ಕೆಂದು ನಿರ್ಮಾಣವಾದುದಲ್ಲ. ವ್ಯಾಪಾರಿಗಳು ಸವೆಸಿದ ಕಾಲುದಾರಿ, ಗಡಿಯ ಆತಂಕ, ಕಾಶ್ಮೀರದ ಕ್ಷೋಭೆ ಮತ್ತು ಎಂಜಿನ್‌ಗಳಲ್ಲಾದ ಸುಧಾರಣೆ ಒಂದರ ಹಿಂದೊಂದು ಕೂಡಿಬಂದುದರಿಂದಲೇ ಇಂದಿನ ಬೈಕ್ ಯಾನ ಸಾಧ್ಯವಾಯಿತು.

ರಸ್ತೆಗಿಂತ ಬಹಳ ಮೊದಲೇ ಇಲ್ಲಿ ದಾರಿಯಿತ್ತು. ಕುಲು ಕಣಿವೆಯನ್ನು ಲಾಹೌಲ್ ಮೂಲಕ ಲೇಹ್‌ಗೂ, ಅಲ್ಲಿಂದ ಕಾರಾಕೋರಂ ಆಚೆಯ ಯಾರ್ಕಂದ್‌ಗೂ ಬೆಸೆಯುತ್ತಿದ್ದ ಈ ಮಾರ್ಗದಲ್ಲಿ ಉಪ್ಪು, ಉಣ್ಣೆ, ಪಶ್ಮಿನಾ ಮತ್ತು ಧಾನ್ಯಗಳು ಕುದುರೆ, ಕುರಿ, ಮೇಕೆಗಳ ಬೆನ್ನೇರಿ ಸಾಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ 1820ರಲ್ಲಿ ರೋಹ್ತಾಂಗ್ ಮತ್ತು ಬಾರಾಲಾಚಾ ಪಾಸ್‌ಗಳನ್ನು ದಾಟಿ ಲೇಹ್ ತಲುಪಿದ್ದು ಇದೇ ದಿಕ್ಕಿನಲ್ಲಿ.

ಈ ಕಾಲುದಾರಿಯನ್ನು ವಾಹನ ಮಾರ್ಗವಾಗಿ ಬದಲಿಸಿದ್ದು ರಕ್ಷಣೆಯ ಅಗತ್ಯ. ಗಡಿಪ್ರದೇಶಗಳಲ್ಲಿ ರಸ್ತೆ ಕಟ್ಟುವ ಹೊಣೆ ಹೊತ್ತ ಗಡಿ ರಸ್ತೆಗಳ ಸಂಸ್ಥೆಯು (ಬಿಆರ್‌ಒ) 1960ರಲ್ಲಿ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ನಡೆದ ಚೀನಾ ಯುದ್ಧವು ಲಡಾಖ್‌ಗೆ ಭದ್ರವಾದ ಸಂಪರ್ಕವಿಲ್ಲದಿರುವುದರ ಅಪಾಯವನ್ನು ಎತ್ತಿ ತೋರಿಸಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆಯು ಕಾರ್ಗಿಲ್ ಭಾಗದಲ್ಲಿ ಪಾಕಿಸ್ತಾನದ ಕಡೆಯ ಎತ್ತರದ ನೆಲೆಗಳಿಗೆ ತೀರ ಹತ್ತಿರವಿದ್ದುದರಿಂದ, ಶತ್ರುವಿನ ಕಣ್ಣಳತೆಯಿಂದ ದೂರವಿರುವ ಇನ್ನೊಂದು ದಾರಿ ಬೇಕಿತ್ತು, ಮತ್ತು ಆ ದಾರಿ ಮನಾಲಿಯ ಕಡೆಯಿಂದ ಮೇಲೇರಿತು. ಸರ್ಚುವರೆಗಿನ ಹಿಮಾಚಲದ ಭಾಗವನ್ನು ಬಿಆರ್‌ಒದ ‘ದೀಪಕ್’ ಯೋಜನೆಯೂ, ಅಲ್ಲಿಂದಾಚೆಯ ಲಡಾಖ್‌ನ ಭಾಗವನ್ನು 1985ರಲ್ಲಿ ಆರಂಭವಾದ ‘ಹಿಮಾಂಕ್’ ಯೋಜನೆಯೂ ಬಹುಕಾಲ ನೋಡಿಕೊಂಡವು.

ಇಂತಹ ರಸ್ತೆಯನ್ನು ಒಮ್ಮೆ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಡಾಂಬರಿನ ಬಿರುಕುಗಳಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿದಾಗ ರಸ್ತೆಯ ಮೈ ಒಳಗಿನಿಂದಲೇ ಸೀಳುತ್ತದೆ. ಹಿಮಕುಸಿತ ಮತ್ತು ಕಲ್ಲುಗಳ ಉರುಳುವಿಕೆಯಿಂದ ಪ್ರತಿ ವಸಂತದಲ್ಲೂ ದಾರಿಯನ್ನು ಹೊಸದಾಗಿ ಬಿಡಿಸಬೇಕಾಗುತ್ತದೆ. ಈ ಕೆಲಸಕ್ಕಾಗಿ ಜಾರ್ಖಂಡ್, ಬಿಹಾರ ಮತ್ತು ನೇಪಾಳದಿಂದ ಬರುವ ಕಾರ್ಮಿಕರು ಬೇಸಿಗೆಯುದ್ದಕ್ಕೂ ರಸ್ತೆಬದಿಯ ಡೇರೆಗಳಲ್ಲಿ ನೆಲೆಸಿ, ಸವಾರರು ಏದುಸಿರು ಬಿಡುತ್ತ ದಾಟಿಹೋಗುವ ಎತ್ತರದಲ್ಲೇ ಕಲ್ಲು ಒಡೆದು ಡಾಂಬರು ಕಾಯಿಸುತ್ತಾರೆ. ಈ ಯಾನದ ಚರಿತ್ರೆಯಲ್ಲಿ ಮೊದಲು ಸ್ಮರಿಸಬೇಕಾದವರು ಇವರು.

ಪ್ರವಾಸಿಗರಿಗೆ ಲಡಾಖ್ ತೆರೆದದ್ದು 1974ರಲ್ಲಾದರೂ ಮನಾಲಿ–ಲೇಹ್ ರಸ್ತೆ ನಾಗರಿಕರಿಗೆ ದೊರೆತದ್ದು 1989ರಲ್ಲಿ. ಅದೇ ಹೊತ್ತಿಗೆ ಕಾಶ್ಮೀರದಲ್ಲಿ ಉಗ್ರವಾದ ಭುಗಿಲೆದ್ದು ಶ್ರೀನಗರದ ಕಡೆಯ ಪ್ರವಾಸ ಕುಸಿದಿತ್ತು. ಪ್ರವಾಸಿಗರೂ ಹೋಟೆಲು, ಡೇರೆ, ಬಾಡಿಗೆ ವಾಹನಗಳ ವಹಿವಾಟೂ ಮನಾಲಿಯತ್ತ ತಿರುಗಿದವು. ಒಂದು ಕಣಿವೆಯ ಸಂಕಟದಿಂದಾಗಿ ಇನ್ನೊಂದು ಕಣಿವೆಯ ದಾರಿ ಹೆಸರು ಪಡೆಯಿತು.

ವಾಹನದ ಕಥೆಯೂ ಸೇನೆಯ ನೆರಳಿನಲ್ಲೇ ಆರಂಭವಾಗುತ್ತದೆ. ಗಡಿ ಕಾವಲಿಗೆ ಸೇನೆಯು ಬುಲೆಟ್ ಬೈಕನ್ನು ಆರಿಸಿಕೊಂಡ ಬಳಿಕ ಅದನ್ನು ತಯಾರಿಸಲು 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಹುಟ್ಟಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳು ಮತ್ತು ಈ ಬುಲೆಟ್‌ಗಳೇ ಒಂದು ಇಡೀ ತಲೆಮಾರಿನ ದೂರಯಾನಿಗಳ ಸಂಗಾತಿಗಳಾಗಿದ್ದವು. ಆ ಕಾಲದ ಬೈಕುಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುತ್ತಿದ್ದ ಕಾರ್ಬುರೇಟರಿಗೆ ಎತ್ತರದ ಅರಿವಿರಲಿಲ್ಲ. ಮೇಲೇರಿದಂತೆ ಗಾಳಿ ತೆಳುವಾದರೂ ಅದು ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್ ಹರಿಸುತ್ತಿದ್ದುದರಿಂದ ಎಂಜಿನ್ ಉಸಿರುಗಟ್ಟಿ ಕಪ್ಪು ಹೊಗೆ ಉಗುಳುತ್ತಿತ್ತು. ಸವಾರರು ರಸ್ತೆಬದಿಯಲ್ಲೇ ನಿಂತು ಸ್ಪಾರ್ಕ್ ಪ್ಲಗ್ ಒರೆಸಬೇಕಿತ್ತು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಸುವ ಜೆಟ್ ಬದಲಿಸಬೇಕಿತ್ತು. ಗಾಳಿಯ ಒತ್ತಡವನ್ನು ಸಂವೇದಕಗಳಿಂದ ಅಳೆದು ಅದಕ್ಕೆ ತಕ್ಕಷ್ಟೇ ಇಂಧನ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

1999ರಲ್ಲಿ ಆರಂಭವಾದ ‘ರೇಡ್ ದ ಹಿಮಾಲಯ’ ರ‍್ಯಾಲಿಯು ಈ ಪರ್ವತಗಳನ್ನು ಸ್ಪರ್ಧೆಯ ಕಣವಾಗಿಸಿತು. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಪಳಗಿದ್ದು ಇಂತಹ ನೆಲದಲ್ಲೂ ಹೌದು. 2004ರಿಂದ ಬುಲೆಟ್ ತಯಾರಕ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ‘ಹಿಮಾಲಯನ್ ಒಡಿಸ್ಸಿ’ ಹೆಸರಿನಲ್ಲಿ ಸಾಮೂಹಿಕ ಯಾನಗಳನ್ನು ನಡೆಸತೊಡಗಿತು, 2016ರಲ್ಲಿ ‘ಹಿಮಾಲಯನ್’ ಎಂಬ ಬೈಕನ್ನೇ ಹೊರತಂದಿತು. ರಸ್ತೆಗೆ ತಕ್ಕ ಬೈಕನ್ನು ಹುಡುಕುತ್ತಿದ್ದ ಕಾಲ ಹೋಗಿ, ಪರ್ವತದ ಹೆಸರಿನಲ್ಲೇ ಬೈಕು ಮಾರಾಟವಾಗುವ ಕಾಲ ಬಂದಿತ್ತು.

ಆದರೂ ದಾರಿಯ ಕಾಠಿಣ್ಯ ಕಡಿಮೆಯಾಗಿಲ್ಲ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ, ಮುಂದಿನ ಪೆಟ್ರೋಲ್ ಪಂಪು 365 ಕಿ.ಮೀ. ದೂರದಲ್ಲಿದೆ ಎಂದು ಸಾರುತ್ತಿದ್ದ ಫಲಕ ಸವಾರರ ನಡುವೆ ಇಂದಿಗೂ ಪ್ರಸಿದ್ಧ. ಸರ್ಚು ದಾಟಿದ ಮೇಲೆ ಬರುವ ಗಾಟಾ ಲೂಪ್ಸ್‌ನ 21 ಹೇರ್‌ಪಿನ್ ತಿರುವುಗಳು ನಾನೂರಕ್ಕೂ ಹೆಚ್ಚು ಮೀಟರ್ ಏರಿಸಿ, ನಕೀ ಲಾ ಮತ್ತು ಲಾಚುಂಗ್ ಲಾ ಪಾಸ್‌ಗಳತ್ತ ಒಯ್ಯುತ್ತವೆ. ಪಾಂಗ್ ಬಳಿಯ ಮೋರೆ ಬಯಲು ದಾಟಿದರೆ ಸುಮಾರು 5,320 ಮೀಟರ್ ಎತ್ತರದ ತಂಗ್‌ಲಂಗ್ ಲಾ ಎದುರಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಪರೀಕ್ಷಿಸುವವು ರಸ್ತೆಗೆ ಅಡ್ಡಲಾಗಿ ಹರಿಯುವ ಹಿಮನೀರಿನ ತೊರೆಗಳು, ಅಂದರೆ ‘ನಾಲಾ’ಗಳು. ಬೆಳಗಿನ ಜಾವ ಪಾದ ಮುಳುಗುವಷ್ಟೇ ಇರುವ ನೀರು, ಬಿಸಿಲೇರಿ ಮೇಲಿನ ಹಿಮ ಕರಗಿದಂತೆ, ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರಕ್ಕೆ ಏರಬಲ್ಲದು. ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ಆಕ್ಸಿಲರೇಟರನ್ನು ಒಂದೇ ಸಮ ಇಟ್ಟು, ನೀರಿನಡಿಯ ದುಂಡುಗಲ್ಲುಗಳನ್ನು ನೋಡದೆ ಆಚೆ ದಡದತ್ತ ದೃಷ್ಟಿ ನೆಟ್ಟವನು ದಾಟುತ್ತಾನೆ. ನಡುನೀರಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟವನ ಬೈಕು ಅಲ್ಲೇ ನಿಲ್ಲುತ್ತದೆ. ಬೆಳಕು ಹರಿಯುವ ಮುನ್ನವೇ ಹೊರಡಬೇಕೆಂಬ ಈ ದಾರಿಯ ನಿಯಮ ಹುಟ್ಟಿದ್ದು ಇದರಿಂದ.

ಯಂತ್ರವನ್ನು ಸುಧಾರಿಸಬಹುದು, ದೇಹವನ್ನಲ್ಲ. ಐದು ಸಾವಿರ ಮೀಟರ್ ದಾಟಿದ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚಿರುವುದರಿಂದ, ದೇಹ ಒಗ್ಗಿಕೊಳ್ಳುವ ಮೊದಲೇ ಮೇಲೇರಿದವರಲ್ಲಿ ತಲೆನೋವು, ವಾಂತಿ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಉಲ್ಬಣಿಸಿದರೆ ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಎರವಾಗಬಹುದು. ಈ ಪರ್ವತಬೇನೆಯ ಕುರಿತು ಇಂದರ್ ಸಿಂಗ್ ಮತ್ತು ಸಹವೈದ್ಯರು 1969ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು, ಹಿಮಾಲಯದ ಎತ್ತರಗಳಿಗೆ ಹೋದ 1,925 ಭಾರತೀಯ ಸೈನಿಕರ ಅನುಭವವನ್ನು ಆಧರಿಸಿತ್ತು. ರಸ್ತೆಯಂತೆಯೇ ಈ ಅರಿವನ್ನೂ ಸವಾರರಿಗೆ ಕೊಟ್ಟವರು ಸೈನಿಕರೇ.

3 ಅಕ್ಟೋಬರ್ 2020ರಂದು ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗವು 3,978 ಮೀಟರ್ ಎತ್ತರದ ರೋಹ್ತಾಂಗ್ ಏರಬೇಕಾದ ಅನಿವಾರ್ಯವನ್ನು ತಪ್ಪಿಸಿತು. ಚಳಿಗಾಲದಲ್ಲಿ ಹೊರಜಗತ್ತಿನಿಂದ ಕಡಿದುಹೋಗುತ್ತಿದ್ದ ಲಾಹೌಲ್ ಜನರಿಗೆ ಇದರಿಂದ ಆದ ಉಪಕಾರ ಅಳೆಯಲಾಗದ್ದು. ಸವಾರರ ವಿಷಯದಲ್ಲಿ ಮಾತ್ರ ಅದರ ಪರಿಣಾಮ ಎರಡು ಬಗೆಯದು. ಹಿಂದೆ ರೋಹ್ತಾಂಗ್‌ನ ಕೆಸರಿನಲ್ಲಿ ಇಡೀ ದಿನ ಕಳೆದವರು ಸುಮಾರು 3,100 ಮೀಟರ್ ಎತ್ತರದ ಕೇಲಾಂಗ್‌ನಲ್ಲಿ ಆ ರಾತ್ರಿ ತಂಗಲೇಬೇಕಿತ್ತು, ಆ ವಿಳಂಬದಲ್ಲೇ ದೇಹ ಒಗ್ಗಿಕೊಳ್ಳುತ್ತಿತ್ತು. ಈಗ ಸುಮಾರು 2,050 ಮೀಟರ್ ಎತ್ತರದ ಮನಾಲಿಯನ್ನು ಬೆಳಿಗ್ಗೆ ಬಿಟ್ಟವರು ಸಂಜೆಗೆ ಸುಮಾರು 4,290 ಮೀಟರ್ ಎತ್ತರದ ಸರ್ಚು ಸೇರಬಲ್ಲರು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬ ವೈದ್ಯರ ಸಲಹೆ ಈ ವೇಗದಲ್ಲಿ ಗಾಳಿಗೆ ತೂರಿಹೋಗುತ್ತದೆ.

ವೇಗದೊಂದಿಗೆ ಜನಸಂದಣಿಯೂ ಬಂದಿದೆ. ಮೋರೆ ಬಯಲು ಸೇರಿದಂತೆ ಇಲ್ಲಿನ ಎತ್ತರದ ಬಯಲುಗಳು ಪಶ್ಮಿನಾ ಮೇಕೆಗಳನ್ನು ಸಾಕುವ ಚಾಂಗ್‌ಪಾ ಅಲೆಮಾರಿಗಳ ಹುಲ್ಲುಗಾವಲುಗಳು; ಮಳೆಯೇ ಅಪರೂಪವಾದ ಆ ನೆಲದಲ್ಲಿ ರಸ್ತೆ ಬಿಟ್ಟು ಹಾಯ್ದ ಚಕ್ರದ ಗುರುತು ವರ್ಷಗಟ್ಟಲೆ ಮಾಸದು, ಅದರಡಿ ಸತ್ತ ಹುಲ್ಲು ಬೇಗ ಚಿಗುರದು. ಹೊರಗಿನ ಬಾಡಿಗೆ ಬೈಕುಗಳು ಲಡಾಖ್‌ನ ಒಳದಾರಿಗಳಲ್ಲಿ ಓಡುವುದನ್ನು ಲೇಹ್‌ನ ಬಾಡಿಗೆ ಬೈಕ್ ಮಾಲೀಕರು ವಿರೋಧಿಸುತ್ತ ಬಂದಿರುವುದರ ಹಿಂದೆಯೂ, ಬೇಸಿಗೆಯ ಕೆಲವೇ ತಿಂಗಳ ದುಡಿಮೆಯಲ್ಲಿ ವರ್ಷವಿಡೀ ಬದುಕಬೇಕಾದವರ ನ್ಯಾಯವಾದ ಕಳವಳವಿದೆ.

ಈ ದಾರಿ ಹೆಸರಾದದ್ದು ಅದು ಹೇರುತ್ತಿದ್ದ ನಿಧಾನದಿಂದ. ರಸ್ತೆ ಸುಗಮವಾದಷ್ಟೂ ಆ ನಿಧಾನವನ್ನು ಸವಾರರು ತಾವಾಗಿಯೇ ರೂಢಿಸಿಕೊಳ್ಳಬೇಕಾಗಿದೆ: ಜಿಸ್ಪಾದಂತಹ ಊರಿನಲ್ಲಿ ಒಂದು ದಿನ ಹೆಚ್ಚು ತಂಗುವುದು, ಬಯಲಿನಲ್ಲಿ ರಸ್ತೆ ಬಿಟ್ಟು ಚಕ್ರ ಹಾಯಿಸದಿರುವುದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವುದು, ಡಾಂಬರು ಹಾಕುತ್ತಿರುವವರ ಬಳಿ ದೂಳೆಬ್ಬಿಸದೆ ವೇಗ ತಗ್ಗಿಸುವುದು. ಸೈನಿಕರು ಮತ್ತು ಕಾರ್ಮಿಕರು ಪ್ರಾಣ ಪಣಕ್ಕಿಟ್ಟು ತೆರೆದ ದಾರಿಯಲ್ಲಿ ಮನಸ್ಸಂತೋಷಕ್ಕಾಗಿ ಸಾಗುವವರು ತೀರಿಸಬೇಕಾದ ಋಣ ಕನಿಷ್ಠ ಇಷ್ಟಾದರೂ ಇದೆ.